ಕತ್ತರಿಯಿಂದ ಕಲಿತ ಫ್ರೆಂಚ್

ನಮ್ಮವರ ಬಾಯಿಂದ ಫ್ರೆಂಚ್ ಹೊರಡಬೇಕಾದರೆ ಕೈಯಲ್ಲಿ ಕತ್ತರಿ ಇರಲೇಬೇಕು. ನಂಬದವರು ನಮ್ಮ ಕಟಿಂಗ್ ಶಾಪಿಗೆ ಬಂದು ಪರೀಕ್ಷೆ ಮಾಡಬಹುದು. ಕತ್ತರಿ ಕಿತ್ತುಕೊಂಡು ‘ಈಗ ಹೇಳಿ’ ಎಂದರೆ, ಪಾಪ, ಬಾಯಿ ತೆರೆದುಕೊಂಡು ನಿಲ್ಲುತ್ತಾರೆ. ವಾಪಸ್ ಕೊಟ್ಟು ನೋಡಿ, ಕ್ರಿಯಾಪದದ ಆರೂ ರೂಪಗಳು ಬಸ್ಸು ತಪ್ಪೀತೆಂದು ಓಡಿಬರುವವರ ಹಾಗೆ ಒಂದರ ಹಿಂದೆ ಒಂದು ಬರುತ್ತವೆ. ಐವತ್ತೆಂಟು ವರ್ಷದ ಮನುಷ್ಯನಿಗೆ ಈ ಹುಚ್ಚು ಯಾಕೆ ಹಿಡಿಯಿತೆಂದು ಹೇಳಬೇಕಾದರೆ ಮಗನ ಮದುವೆಯಿಂದ ಶುರು ಮಾಡಬೇಕು.

ಮಗ ಲಿಫ್ಟ್ ರಿಪೇರಿ ಮಾಡುವವನು. ಒಮ್ಮೆ ಆಸ್ಪತ್ರೆಯ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಹೋಯಿತು. ಒಳಗೆ ಸಿಕ್ಕಿಕೊಂಡಿದ್ದವಳು ಅಲ್ಲಿಯ ನರ್ಸ್. ಬಾಗಿಲ ಸಂದಿಯಿಂದ ಅವಳಿಗೆ ಧೈರ್ಯ ಹೇಳುತ್ತಿದ್ದವನು ಇವನು. ಮುಕ್ಕಾಲು ಗಂಟೆಯಲ್ಲಿ ಲಿಫ್ಟ್ ಸರಿಹೋಯಿತು, ನನ್ನ ಮಗ ಸರಿಹೋಗಲಿಲ್ಲ. ವರ್ಷ ತುಂಬುವಷ್ಟರಲ್ಲಿ ಅವಳು ನಮ್ಮ ಸೊಸೆಯಾದಳು. ಹುಡುಗಿ ದೂರದವಳು, ಮನೆಮಾತು ಫ್ರೆಂಚ್. ನಮ್ಮ ಮಾತನ್ನು ತಡವರಿಸುತ್ತಲೇ ಬೇಗ ಕಲಿತುಕೊಂಡಳು. ಅವಳ ಅಪ್ಪ ಅಮ್ಮನಿಗೆ ಮಾತ್ರ ಫ್ರೆಂಚ್ ಬಿಟ್ಟರೆ ಬೇರೆ ಬಾರದು, ನಮಗೆ ಅದೊಂದು ಬಿಟ್ಟರೆ ಉಳಿದದ್ದೆಲ್ಲ ಅಷ್ಟಿಷ್ಟು ಬರುತ್ತಿತ್ತು.

ಮದುವೆ ರಿಜಿಸ್ಟರ್ ಕಚೇರಿಯಲ್ಲಿ ನಡೆಯಿತು. ಸಹಿ ಮುಗಿದು ಮಗ ಸೊಸೆ ಫೋಟೋಗೆ ನಿಂತಿದ್ದರು. ಆಗ ಬೀಗರು, ಅಂದರೆ ಸೊಸೆಯ ಅಪ್ಪ, ರೈಲು ಡ್ರೈವರಾಗಿ ನಿವೃತ್ತರಾದ ಬಾಗಿಲು ತುಂಬುವಂಥ ಆಳು, ನೇರವಾಗಿ ನಮ್ಮವರ ಹತ್ತಿರ ಬಂದರು. ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. ತಲೆ ಬಗ್ಗಿಸಿ ಏನೋ ಉದ್ದವಾಗಿ ಹೇಳಿದರು. ಕೊನೆಗೆ ಸ್ವರ ಏರಿದ್ದರಿಂದ ಅದು ಪ್ರಶ್ನೆ ಎನ್ನುವುದು ನನಗೂ ಗೊತ್ತಾಯಿತು. ನಮ್ಮವರು ಏನು ಮಾಡಿದರು ಗೊತ್ತೆ? ಬಗ್ಗಿದ ತಲೆಯನ್ನೇ ನೋಡುತ್ತ ‘ಚ್ಚ ಚ್ಚ ಚ್ಚ’ ಎಂದು ಲೊಚಗುಟ್ಟಿ, ಇಲ್ಲ ಇಲ್ಲ ಎನ್ನುವ ಹಾಗೆ ತಲೆಯಾಡಿಸಿದರು. ಬೀಗರು ಮೆಲ್ಲನೆ ಕೈ ಬಿಟ್ಟರು.

ಮನೆಗೆ ಬಂದ ಮೇಲೆ ನಾನು ಸುಮ್ಮನಿರಲಿಲ್ಲ.

“ಏನ್ರೀ ಅದು? ಬೀಗರು ಅಳ್ತಾ ಮಾತಾಡಿದ್ರೆ ಹಾಗಾ ಲೊಚಗುಟ್ಟೋದು?”

“ಅಯ್ಯೋ ಇವಳೇ, ಆ ಕತ್ತಿನ ಹಿಂದಿನ ಕೂದಲು ನೀನು ನೋಡ್ಬೇಕಿತ್ತು! ಎಡಗಡೆ ಒಂದು ಬೆರಳು ಗಿಡ್ಡ, ಬಲಗಡೆ ಉದ್ದ. ಮಗಳ ಮದುವೆಗೆ ಯಾರೋ ಪುಣ್ಯಾತ್ಮ ಹಾಗೆ ಕತ್ತರಿಸಿ ಕಳಿಸಿದಾನಲ್ಲ ಅಂತ ಹೊಟ್ಟೆ ಉರೀತು.”

ಮೂವತ್ತೈದು ವರ್ಷ ತಲೆಗಳನ್ನೇ ನೋಡಿದ ಕಣ್ಣು, ಮುಖ ಯಾಕೆ ನೋಡೀತು? ಬೀಗರು ಕೇಳಿದ್ದು ಏನೆಂಬುದು ಮೂರು ತಿಂಗಳ ಮೇಲೆ ಮಗನಿಂದ ತಿಳಿಯಿತು. ‘ನನ್ನ ಮಗಳು ಇನ್ನು ನಿಮ್ಮ ಮನೆಯವಳು, ಅವಳು ಬಂದದ್ದು ನಿಮಗೆ ಸಂತೋಷವೆ?’ ಎಂದು ಕೇಳಿದ್ದರಂತೆ. ಅದಕ್ಕೆ ಚ್ಚ ಚ್ಚ ಚ್ಚ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮವರು ಆಡದೆಯೇ ಕಳೆದುಕೊಂಡರು.

ಹೆಂಡತಿಯಿಂದ ಕಲಿತ ಫ್ರೆಂಚಿನಲ್ಲಿ ಮಗ ಬೀಗರಿಗೆ ಫೋನಿನಲ್ಲಿ ವಿವರಿಸಿದ. ‘ಅಪ್ಪ ನಿಮ್ಮ ಕೂದಲು ನೋಡಿ ಲೊಚಗುಟ್ಟಿದ್ದು’ ಎಂದರೆ ಯಾರು ನಂಬುತ್ತಾರೆ? ಎರಡೂ ಕಡೆ ತೇಪೆ ಹಾಕುವುದು ಗಂಡನಾದವನ ಧರ್ಮ ಎಂದುಕೊಂಡು ಬೀಗರು ಮರ್ಯಾದೆಗೆ ‘ಹಾಗೋ’ ಎಂದರಂತೆ. ಸೊಸೆಗೂ ನಮ್ಮವರೇ ಹೇಳಿದರು. “ಗೊತ್ತು ಮಾವ, ಪರವಾಗಿಲ್ಲ,” ಎಂದಳು. ಪರವಾಗಿಲ್ಲ ಎನ್ನುವ ಮಾತು ಎಷ್ಟು ತಣ್ಣಗಿರಬಹುದು ಎನ್ನುವುದನ್ನು ನಾನು ಅವತ್ತು ತಿಳಿದೆ.

ತಣ್ಣಗಿದೆ ಎಂದು ಹೇಗೆ ಗೊತ್ತು ಎನ್ನುತ್ತೀರಾ? ನಮ್ಮಲ್ಲಿ ಒಂದು ಪದ್ಧತಿ ಇದೆ. ಕೆಳಗೆ ಶಾಪು, ಮೇಲೆ ಮನೆ. ತಿಂಗಳ ಮೊದಲ ಭಾನುವಾರ ಶಾಪಿಗೆ ರಜೆ, ಅವತ್ತು ಮನೆಯವರ ತಲೆ ಮಾತ್ರ. ಮೊದಲು ನಾನು, ಆಮೇಲೆ ಮಗ, ಕೊನೆಗೆ ನಮ್ಮವರ ತಲೆಗೆ ಮಗನೇ ಮಷಿನ್ ಹಿಡಿಯುತ್ತಾನೆ. ಸೊಸೆ ಬಂದ ಮೊದಲ ತಿಂಗಳು ನಮ್ಮವರು ಕುರ್ಚಿ ಒರೆಸಿ, ಹೊಸ ಬಟ್ಟೆ ಒದರಿ, “ಬಾಮ್ಮ,” ಎಂದರು. “ಮುಂದಿನ ತಿಂಗಳು, ಮಾವ,” ಎಂದಳು. ಅದರ ಮುಂದಿನ ತಿಂಗಳೂ ಮುಂದಿನ ತಿಂಗಳೇ ಆಯಿತು. ಎರಡು ವರ್ಷ ಅವಳು ಕೂದಲು ಬಿಗಿದು ಗಂಟು ಹಾಕಿಕೊಂಡು, ಭಾನುವಾರಗಳಂದು ಎಲ್ಲರಿಗೂ ಕಾಫಿ ತಂದುಕೊಟ್ಟು, ಗೋಡೆಗೆ ಒರಗಿ ನಿಂತಳು. ನಗುತ್ತಲೇ ನಿಂತಳು. ತನ್ನ ಮೇಲೆ ಮನಸ್ಸಿಲ್ಲದವರ ಕೈಗೆ ಯಾರಾದರೂ ತಲೆ ಕೊಡುತ್ತಾರೆಯೆ? ನಮ್ಮವರು ಒದರಿದ ಬಟ್ಟೆಯನ್ನು ಮಡಚಿಡುತ್ತಿದ್ದರು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಹೀಗಿರುವಾಗ ಬೀಗರಿಂದ ಪತ್ರ ಬಂತು. ಇನ್ನು ಆರು ತಿಂಗಳಿಗೆ ಎಂಟು ದಿನದ ಮಟ್ಟಿಗೆ ಬರುತ್ತಾರಂತೆ, ಒಬ್ಬರೇ. ಬೀಗಿತ್ತಿಗೆ ಮಂಡಿನೋವು, ಪ್ರಯಾಣ ಆಗದು. ನಮ್ಮವರು ಪತ್ರವನ್ನು ಎರಡು ಸಲ ಓದಿಸಿ ಕೇಳಿದರು. “ನಾನೇ ಹೇಳ್ಬೇಕು ಕಣೇ. ನನ್ನ ಬಾಯಿಂದ, ಅವರ ಮಾತಲ್ಲಿ. ನಡುವೆ ಯಾರೂ ಬೇಡ,” ಎಂದರು.

“ಸ್ವಂತ ಮಾತಲ್ಲೇ ದಿನಕ್ಕೆ ಹತ್ತು ಮಾತಾಡೋರು ನೀವು,” ಎಂದೆ.

“ಅದಕ್ಕೇ ಜಾಗ ಖಾಲಿ ಇದೆ,” ಎಂದರು.

ಗುರು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ದಿನಾ ಪೇಪರ್ ಓದಲು ನಮ್ಮ ಶಾಪಿಗೆ ಬರುವ ಮೇಷ್ಟ್ರು ಒಬ್ಬರಿದ್ದಾರೆ. ನಲವತ್ತು ವರ್ಷ ಕಾಲೇಜಿನಲ್ಲಿ ಫ್ರೆಂಚ್ ಕಲಿಸಿದವರು. ತಲೆ ಮಾತ್ರ ಹಪ್ಪಳದ ಹಾಗೆ ನುಣ್ಣಗಿದೆ; ಆದರೂ ಕೂರುವುದು ಕಟಿಂಗ್ ಕುರ್ಚಿಯಲ್ಲೇ, ಅಭ್ಯಾಸಬಲ. ಮಧ್ಯಾಹ್ನ ಎರಡಕ್ಕೆ, ಸೊಸೆ ಆಸ್ಪತ್ರೆಯಲ್ಲಿರುವ ಹೊತ್ತಿಗೆ, ಪಾಠ ಎಂದು ನಿಗದಿಯಾಯಿತು.

“ಎರಡೇ ವಾಕ್ಯ ಸಾಕು ಮೇಷ್ಟ್ರೇ. ಬಾಯಿಪಾಠ ಮಾಡಿಸ್ಬಿಡಿ,” ಎಂದರು ನಮ್ಮವರು.

“ಗಿಣಿಪಾಠ ಹೇಳಿಸೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನನ್ನ ಹತ್ರ ಕಲಿಯೋದಾದ್ರೆ ಕ್ರಿಯಾಪದದಿಂದ ಶುರು,” ಎಂದರು ಮೇಷ್ಟ್ರು.

ಪುಸ್ತಕ ಬಿಡಿಸಿದರು. ‘ಮಾತಾಡು’ ಎನ್ನುವುದಕ್ಕೆ ಆರು ರೂಪ. ನಮ್ಮವರು ಒಂದೊಂದು ಅಕ್ಷರವನ್ನೂ ನಿಷ್ಠೆಯಿಂದ ಓದಿದರು. ‘ಅವರು ಮಾತಾಡುತ್ತಾರೆ’ ಎಂಬಲ್ಲಿ ಪಾರ್-ಲೆಂಟ್ ಎಂದಾಗ ಮೇಷ್ಟ್ರು ಕಿವಿ ಮುಚ್ಚಿಕೊಂಡರು.

“ಕೊನೇದು ಓದ್ಬೇಡಿ! ಪಾರ್ಲ್. ಅಷ್ಟೇ. ಒಂದೇ ತುಂಡು.”

“ಮತ್ತೆ ಇಷ್ಟುದ್ದ ಯಾಕೆ ಬರೆದ್ರು?”

“ಬರೆಯೋದಕ್ಕೆ. ಹೇಳೋದಕ್ಕಲ್ಲ. ನಾನು ಮಾತಾಡ್ತೀನಿ, ನೀನು ಮಾತಾಡ್ತೀಯ, ಅವನು, ಅವರು, ನಾಲ್ಕೂ ಬಾಯಲ್ಲಿ ಪಾರ್ಲ್ ಅಂತ ಒಂದೇ. ನಾವು ಅಂದಾಗ ಪಾರ್-ಲೋಂ, ನೀವು ಅಂದಾಗ ಪಾರ್-ಲೇ, ಇವೆರಡಕ್ಕೇ ಎರಡು ತುಂಡು.”

ನಮ್ಮವರ ಮುಖ ಅರಳಿತು. ಬರೆದಂತೆ ಓದು, ಓದಿದಂತೆ ಬರೆ ಎಂದು ಕಲಿತ ನಮಗೆ ಇದು ಅನ್ಯಾಯ ಎಂದು ನಾನು ಮೂಲೆಯಲ್ಲಿ ಟವೆಲ್ ಮಡಚುತ್ತ ಗೊಣಗಿದರೆ, ಅವರು, “ಇದು ನಮ್ಮ ಕಸುಬಿನ ಭಾಷೆ ಕಣೇ! ಬರೆಯುವಾಗ ಜಡೆ, ಓದುವಾಗ ಕ್ರಾಪು,” ಎಂದರು. ಆ ಸಂತೋಷಕ್ಕೆ ಕತ್ತರಿ ಎತ್ತಿಕೊಂಡು ಗಾಳಿಯಲ್ಲಿ ಕಚಕ್ ಎಂದು ಒಂದು ಕತ್ತರಿಸಿ ‘ಪಾರ್ಲ್’ ಎಂದರು. ಕಚಕ್ ಕಚಕ್, ‘ಪಾರ್-ಲೋಂ’. ಅಲ್ಲಿಂದ ಶುರುವಾಯಿತು ನೋಡಿ. ಒಂದು ತುಂಡಿಗೆ ಒಂದು ಕತ್ತರಿ.

ಎಲ್ಲವೂ ಅಷ್ಟು ಸುಲಭವಾಗಿರಲಿಲ್ಲ. ನಾವು ಎನ್ನುವ ಅವರ ‘ನೂ’ ಪದಕ್ಕೆ ಬಾಲದಲ್ಲಿ ಒಂದು ಮೂಕ ಅಕ್ಷರ ಇದೆಯಂತೆ. ಮುಂದಿನ ಪದ ಸ್ವರದಿಂದ ಶುರುವಾದರೆ ಆ ಮೂಕ ಎದ್ದು ಬಂದು ‘ಝ’ ಎಂದು ಅದರ ತಲೆಗೆ ಅಂಟಿಕೊಳ್ಳುತ್ತದೆ. ಕಾಯುತ್ತಿದ್ದೆವು ಎನ್ನುವ ಆತಾಂದ್ಯೋಂ ‘ನೂ-ಝಾ-ತಾಂ-ದ್ಯೋಂ’ ಆಗುತ್ತದೆ.

“ಕತ್ತರಿಸಿ ಬಿಸಾಡಿದ ಕೂದಲು ಮತ್ತೆ ಬಂದು ಪಕ್ಕದವನ ತಲೆಗೆ ಹತ್ಕೊಳ್ಳೋದು ಎಲ್ಲಾದ್ರೂ ಇದೆಯಾ ಮೇಷ್ಟ್ರೇ?”

“ಇವರಲ್ಲಿ ಇದೆ. ಕತ್ತರಿಸಿ,” ಎಂದರು ಮೇಷ್ಟ್ರು.

ಎರಡು ತಿಂಗಳಾದ ಮೇಲೆ ಅವರಿಗೆ ಫ್ರೆಂಚ್ ಮೈಗೆ ಹತ್ತಿತು, ಅನಾಹುತವೂ ಜೊತೆಗೇ ಬಂತು. ಎದುರು ಬೇಕರಿಯವನು ಕಟಿಂಗಿಗೆ ಬಂದಿದ್ದ. ಕಿವಿಯ ಪಕ್ಕದ ಕೂದಲನ್ನು ಕೆನ್ನೆಯ ಅರ್ಧದವರೆಗೆ ಬಿಟ್ಟುಕೊಂಡು ಅದಕ್ಕೆ ಎಣ್ಣೆ ಹಚ್ಚುವವನು. ಅಲ್ಲಿ ಆರು ಕತ್ತರಿ ಆಡಿಸಿದರೆ ಸಾಕಿತ್ತು. ನಮ್ಮವರ ತಲೆಯಲ್ಲಿ ಆವತ್ತಿನ ಪಾಠ ಓಡುತ್ತಿತ್ತು: ‘ಮುಗಿಸು’ ಎಂಬ ಕ್ರಿಯಾಪದ, ಮುಗಿಸುತ್ತಿದ್ದೆ, ಮುಗಿಸುತ್ತಿದ್ದೆವು ಎನ್ನುವ ಕಾಲ. ಜ-ಫಿ-ನಿ-ಸೇ, ನೂ-ಫಿ-ನಿ-ಸ್ಯೋಂ. ಒಂದೊಂದಕ್ಕೆ ನಾಲ್ಕು ತುಂಡು, ಆರು ರೂಪಕ್ಕೆ ಇಪ್ಪತ್ತನಾಲ್ಕು. ಶುರು ಮಾಡಿದ ಮೇಲೆ ನಡುವೆ ನಿಲ್ಲಿಸಲು ಅವರಿಗೆ ಬರುವುದಿಲ್ಲ. ‘ಅವರು ಮುಗಿಸುತ್ತಿದ್ದರು’ ಎನ್ನುವಷ್ಟರಲ್ಲಿ ಬಲಗೆನ್ನೆ ಬೋಳಾಗಿತ್ತು. ಸಮ ಮಾಡಲು ಎಡಗಡೆಯದನ್ನೂ ತೆಗೆಯಬೇಕಾಯಿತು. ಬೇಕರಿಯವನು ಒಂದು ವಾರ ನಮ್ಮ ಕಡೆ ನೋಡಲಿಲ್ಲ. ಎಂಟನೆಯ ದಿನ ಅವನ ಹೆಂಡತಿ ಬಂದು, ಹತ್ತು ವರ್ಷ ಚಿಕ್ಕವರಾಗಿ ಕಾಣ್ತಿದ್ದಾರೆ, ಹೀಗೇ ಇರಲಿ ಎಂದು ಹೇಳಿಹೋದಳು.

ಅಲ್ಲಿಂದ ಮುಂದೆ ಅಭ್ಯಾಸಕ್ಕೆ ಗಿರಾಕಿಗಳ ತಲೆ ಬಂದ್ ಎಂದು ನಾನು ಕಟ್ಟಪ್ಪಣೆ ಮಾಡಿದೆ. ಮೇಷ್ಟ್ರ ತಲೆಯೇ ಗತಿಯಾಯಿತು. ಅಲ್ಲಿ ಕಳೆದುಕೊಳ್ಳುವುದು ಏನಿತ್ತು? ಮೇಷ್ಟ್ರು ಬಟ್ಟೆ ಹೊದ್ದು ಕಣ್ಣು ಮುಚ್ಚಿ ಕೂರುವರು. ನಮ್ಮವರು ಆ ನುಣುಪು ತಲೆಯ ಸುತ್ತ ನಾಲ್ಕು ಬೆರಳು ದೂರದಲ್ಲಿ ಕತ್ತರಿ ಆಡಿಸುತ್ತ ಭೂತ, ಭವಿಷ್ಯ, ವರ್ತಮಾನ ಒಪ್ಪಿಸುವರು. ರಸ್ತೆಯಲ್ಲಿ ಹೋಗುವವರು ಗಾಜಿನಿಂದ ಇಣುಕಿ, ಬೋಳುತಲೆಗೆ ಇಷ್ಟು ಕತ್ತರಿಯೇ ಎಂದು ನಿಂತು ನೋಡುವರು. ಕೊನೆಗೆ ಪೌಡರ್ ಬೇರೆ.

ಐದನೆಯ ತಿಂಗಳು ಆ ಎರಡು ವಾಕ್ಯ ತಯಾರಾದವು. ಮೊದಲನೆಯದು, ‘ನಾನು ನಿಮ್ಮ ಕೂದಲು ನೋಡುತ್ತಿದ್ದೆ.’ ಜ-ರ-ಗಾರ್-ದೇ-ವೋ-ಶ-ವೋ, ಏಳು ಕತ್ತರಿ. ಎರಡನೆಯದಕ್ಕೆ ಮೇಷ್ಟ್ರು, “ಸಂತೋಷ ಆಯ್ತು ಅಂದ್ಬಿಡೋಣ್ವಾ?” ಎಂದು ಕೇಳಿದರು. ನಮ್ಮವರು ಬಾಚಣಿಗೆಯ ಹಲ್ಲು ಒರೆಸುತ್ತ ತುಂಬ ಹೊತ್ತು ಯೋಚಿಸಿದರು.

“ಸಂತೋಷ ಆಯ್ತು ಅಂತ ಕುರ್ಚಿಯಿಂದ ಎದ್ದ ಗಿರಾಕಿಯೂ ಹೇಳ್ತಾನೆ ಮೇಷ್ಟ್ರೇ. ನಮಗೆ ಹೆಣ್ಣುಮಕ್ಕಳಿಲ್ಲ. ಅವಳು ಯಾರು ಅಂತ ಗೊತ್ತಾಗೋಕೆ ಮುಂಚೆಯೇ ನಾವು ಕಾಯ್ತಾ ಇದ್ವಿ. ಅದನ್ನ ಹೇಳೋಕಾಗುತ್ತಾ?”

ಮೇಷ್ಟ್ರು ಕನ್ನಡಕ ತೆಗೆದರು. “ಆಗುತ್ತೆ. ನಾಲ್ಕೇ ತುಂಡು. ನೂ-ಲಾ-ತಾಂ-ದ್ಯೋಂ.”

ಮೂಲೆಯಲ್ಲಿ ನನ್ನ ಕೈಯಲ್ಲಿದ್ದ ಟವೆಲ್ ಕಣ್ಣಿಗೆ ಹೋಯಿತು. ಮೂವತ್ತು ವರ್ಷ ಜೊತೆಗಿದ್ದೂ ಈ ಮಾತನ್ನು ನಮ್ಮ ಮಾತಿನಲ್ಲಿ ಅವರು ನನಗೆ ಹೇಳಿರಲಿಲ್ಲ. ಐದು ತಿಂಗಳ ಪಾಠದ ಒಟ್ಟು ಫಲ ಹನ್ನೊಂದು ಕತ್ತರಿ. ಸಾಕು, ಹೆಚ್ಚೇ ಆಯಿತು ಎನಿಸಿತು.

ಬೀಗರು ಶನಿವಾರ ಬೆಳಿಗ್ಗೆ ಬಂದರು. ಸ್ಟೇಷನ್ನಿನಲ್ಲಿ ಮಗ, ಸೊಸೆ, ನಾನು, ಇಸ್ತ್ರಿ ಮಾಡಿದ ಅಂಗಿಯಲ್ಲಿ ನಮ್ಮವರು. ಬೀಗರು ಮಗಳನ್ನು ತಬ್ಬಿ, ನನಗೆ ತಲೆಬಾಗಿ, ನಮ್ಮವರ ಮುಂದೆ ನಿಂತು ಕೈ ಚಾಚಿದರು. ಎರಡೂ ಕೈಯಲ್ಲ, ಒಂದೇ ಕೈ. ನಮ್ಮವರು ಬಾಯಿ ತೆರೆದರು. ಬೀಗರನ್ನು ಕಂಡದ್ದೇ ಬಾಯಿಗೆ ಬೀಗ. ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ಸೊಸೆ ತಟ್ಟನೆ, ಅಪ್ಪನಿಗೆ ದಣಿವಾಗಿದೆ, ಹೋಗೋಣ ಎಂದು ಚೀಲ ಎತ್ತಿಕೊಂಡಳು. ಅವಳ ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಊಟಕ್ಕೆ ಕೂತಾಗಲೂ ಅದೇ ಕಥೆ. ಬೀಗರು ತಟ್ಟೆ ನೋಡಿಕೊಂಡು ಊಟ ಮಾಡಿದರು; ಮಗ ಒಬ್ಬನೇ ಎರಡೂ ಭಾಷೆಯಲ್ಲಿ ಮಾತಾಡಿ ಮಾತಾಡಿ ಸೋತ. ನಾನು ನೀರು ಬಡಿಸುವಾಗ ನೋಡುತ್ತೇನೆ, ನಮ್ಮವರ ಬಲಗೈ ಮೇಜಿನ ಕೆಳಗೆ, ಇಲ್ಲದ ಕತ್ತರಿ ಹಿಡಿದ ಹಾಗೆ, ಹೆಬ್ಬೆರಳು, ಉಂಗುರದ ಬೆರಳನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದೆ. ಅಡುಗೆಮನೆಗೆ ಕರೆದೆ.

“ಏನಾಯ್ತು? ನಿನ್ನೆ ಮೇಷ್ಟ್ರ ಮುಂದೆ ಗಡಗಡ ಅಂತಿದ್ರಲ್ಲ?”

“ಬಾಯಿ ತುದೀಲೇ ಇದೆ ಕಣೇ. ಕೈ ಖಾಲಿ ಇದೆ, ತುಂಡಾಗ್ತಾ ಇಲ್ಲ. ಎಲ್ಲ ಒಂದೇ ಮುದ್ದೆಯಾಗಿ ಗಂಟಲಲ್ಲಿ ಕೂತಿದೆ.” ಕಣ್ಣು ಕೆಂಪಾಗಿದ್ದವು. “ಇನ್ನೊಂದ್ಸಲ ಹಾಗೇ ಕಳಿಸ್ಬಿಟ್ರೆ ಆ ಹುಡುಗಿ ಮುಖ ನಾನು ಹೇಗೆ ನೋಡ್ಲಿ?”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನಲು ಬಾಯಿ ತೆರೆದೆ; ಆ ಕಣ್ಣು ನೋಡಿ ಮುಚ್ಚಿಕೊಂಡೆ. ಅಷ್ಟರಲ್ಲಿ ಗೋಡೆಯ ಕ್ಯಾಲೆಂಡರ್ ಕಂಡಿತು. ನಾಳೆ ಭಾನುವಾರ. ತಿಂಗಳ ಮೊದಲನೆಯದು.

ಬೆಳಿಗ್ಗೆ ಎಲ್ಲರೂ ಕೆಳಗೆ ಇಳಿದೆವು. ನಮ್ಮವರು ಕುರ್ಚಿ ಒರೆಸಿ, ಬಟ್ಟೆ ಒದರಿ ನನ್ನ ಕಡೆ ನೋಡಿದರು. ನಾನು ಬೀಗರ ತೋಳು ಹಿಡಿದು, ಎಳೆದೆನೆಂದರೂ ತಪ್ಪಿಲ್ಲ, ಕುರ್ಚಿಯಲ್ಲಿ ಕೂರಿಸಿದೆ. “ಇವತ್ತು ನನ್ನ ಸರದಿ ಇವರಿಗೆ,” ಎಂದೆ. ಸೊಸೆ ಗಾಬರಿಯಿಂದ ಕಾಫಿ ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟಳು. ಬೀಗರು ಕನ್ನಡಿಯಲ್ಲಿ ಮಗಳನ್ನು ನೋಡಿ ಏನೋ ಕೇಳಿದರು, ಅವಳು ಏನೋ ಸಣ್ಣಗೆ ಹೇಳಿದಳು. ಎದುರು ಫುಟ್‌ಪಾತಿನಲ್ಲಿ ಮೇಷ್ಟ್ರು ಪೇಪರ್ ತಲೆಕೆಳಗಾಗಿ ಹಿಡಿದುಕೊಂಡು ಓದುತ್ತಿದ್ದರು.

ನಮ್ಮವರು ನೀರು ಚಿಮುಕಿಸಿ, ಬಾಚಿ, ಕತ್ತರಿ ಎತ್ತಿಕೊಂಡರು. ಕತ್ತಿನ ಹಿಂದೆ ಕೂದಲು ಅವತ್ತಿನ ಹಾಗೇ ಓರೆಕೋರೆ ಇತ್ತು. ಒಂದು ಕ್ಷಣ ಕೈ ನಿಂತಿತು. ಆಮೇಲೆ ಕಚಕ್.

“ಜ-ರ-ಗಾರ್-ದೇ-ವೋ-ಶ-ವೋ.”

ಏಳು ಕತ್ತರಿ, ಏಳು ತುಂಡು, ಒಂದೊಂದೂ ಬಿಡಿಬಿಡಿಯಾಗಿ. ಬೀಗರ ತಲೆ ಮೇಲೆದ್ದಿತು. ಕನ್ನಡಿಯಲ್ಲಿ ಕಣ್ಣು ನಮ್ಮವರ ಕಣ್ಣನ್ನು ಹುಡುಕಿದವು. ನಮ್ಮವರು ಎಡಗೈಯಿಂದ ಬಾಚಣಿಗೆಯ ತುದಿಯನ್ನು ಆ ಓರೆ ಕೂದಲಿಗೆ ಮುಟ್ಟಿಸಿ, ಇದು, ಇದನ್ನೇ ಎಂದು ತೋರಿಸಿ, ಅವತ್ತಿನ ಹಾಗೆಯೇ ‘ಚ್ಚ ಚ್ಚ’ ಎಂದರು. ಆಮೇಲೆ ಬಾಚಣಿಗೆಯನ್ನು ಸೊಸೆ ನಿಂತಿದ್ದ ಕಡೆ ತಿರುಗಿಸಿದರು. ಸ್ವರ ನಡುಗಿತು, ಕತ್ತರಿ ನಡುಗಲಿಲ್ಲ.

“ನೂ-ಲಾ-ತಾಂ-ದ್ಯೋಂ.”

ಬೀಗರು ಬಟ್ಟೆಯೊಳಗಿಂದ ಎರಡೂ ಕೈ ಹೊರತೆಗೆದು, ಕತ್ತರಿ ಬಾಚಣಿಗೆ ಸಮೇತ ನಮ್ಮವರ ಕೈ ಹಿಡಿದುಕೊಂಡರು. ಮಾತು ಹೊಳೆಯಂತೆ ಹರಿಯಿತು. ನಮ್ಮವರು ದಿಕ್ಕುಗೆಟ್ಟು ಸೊಸೆಯ ಕಡೆ ನೋಡಿ, “ಇವರು ಕತ್ತರಿ ಇಲ್ದೆ ಮಾತಾಡ್ತಾರಮ್ಮ, ತುಂಡೇ ಗೊತ್ತಾಗಲ್ಲ,” ಎಂದರು.

ಸೊಸೆ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. “ಅಪ್ಪ ಹೇಳ್ತಾರೆ... ಮದುವೆ ದಿನ ಬೆಳಿಗ್ಗೆ ಹೋಟೆಲ್ ರೂಮಲ್ಲಿ ಅಮ್ಮನೇ ಕತ್ತರಿಸಿದ್ದು. ಅವಸರದಲ್ಲಿ. ಯಾವಾಗ್ಲೂ ಅಮ್ಮನೇ ಕತ್ತರಿಸೋದು. ನೀವು ಲೊಚಗುಟ್ಟಿದ್ದು ಸರಿಯಾಗೇ ಇತ್ತಂತೆ.”

ಮಂಡಿನೋವಿನ ಬೀಗಿತ್ತಿಯನ್ನು ನೆನೆದು ನಾನು ಮನಸಾರೆ ನಕ್ಕೆ. ಹೊರಗೆ ಮೇಷ್ಟ್ರ ಪೇಪರ್ ಕೆಳಗೆ ಬಿದ್ದಿತ್ತು; ಅವರಿಗೆ ಅದರ ಮೇಲೆ ಗಮನವಿರಲಿಲ್ಲ.

ಬೀಗರ ತಲೆ ಸಮವಾಗಿ, ಪೌಡರ್ ಹಚ್ಚಿಸಿಕೊಂಡು ಅವರು ಎದ್ದರು. ಮಗ ತನ್ನ ಸರದಿ ಎಂದು ಮುಂದೆ ಬಂದ. ಅವನನ್ನು ಪಕ್ಕಕ್ಕೆ ಸರಿಸಿ ಸೊಸೆ ಕುರ್ಚಿಯಲ್ಲಿ ಕೂತಳು. ಅವಳು ಪಿನ್ನುಗಳನ್ನು ಒಂದೊಂದಾಗಿ ತೆಗೆದು ಕನ್ನಡಿಯ ಮುಂದೆ ಇಟ್ಟಳು. ಎರಡು ವರ್ಷದ ಗಂಟು ಬಿಚ್ಚಿ ಕೂದಲು ಬೆನ್ನ ಮೇಲೆ ಬಿತ್ತು. ನಮ್ಮವರು ಮೆಲ್ಲನೆ ತುದಿ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ನೋಡಿದರು. ಹಿಂದೆಮುಂದೆ ಯೋಚಿಸದೆ ಲೊಚಗುಟ್ಟಿದರು.

“ಚ್ಚ ಚ್ಚ ಚ್ಚ.” ತಲೆಯನ್ನೂ ಆಡಿಸಿದರು.

ಸೊಸೆ ಕನ್ನಡಿಯಲ್ಲಿ ಮಾವನನ್ನು ದಿಟ್ಟಿಸಿದಳು.

“ಕೂದಲಿಗಾ ಮಾವ, ನನಗಾ?”

“ಕೂದಲಿಗೆ ಕಣಮ್ಮ! ತುದಿಯೆಲ್ಲ ಸೀಳಿಹೋಗಿದೆ ನೋಡು. ಮನೇಲೇ ಅಂಗಡಿ ಇಟ್ಕೊಂಡು ಎರಡು ವರ್ಷ ಹೀಗಾ ಬಿಡೋದು?”

“ನಾನೂ ಕಾಯ್ತಾ ಇದ್ದೆ, ಮಾವ,” ಎಂದಳು.

ನಮ್ಮವರು ಹೊಸ ಬಟ್ಟೆ ತಂದು ಹೊದಿಸಿ, ಕತ್ತಿನ ಹಿಂದೆ ಗಂಟು ಬಿಗಿಯಾಯಿತೇ ಎಂದು ಬೆರಳು ತೂರಿಸಿ ನೋಡಿ, ಕತ್ತರಿ ಹಿಡಿದರು. ಆಮೇಲೆ ಒಂದು ಗಂಟೆ ಅವಳು ಅವರ ಉಚ್ಚಾರ ತಿದ್ದಿದಳು. ‘ದ್ಯೋಂ’ ಇನ್ನೂ ಮೂಗಿನಲ್ಲಿ ಬರಬೇಕಂತೆ, ‘ರ’ ಗಂಟಲಿನಿಂದ ಹೊರಡಬೇಕಂತೆ. ಮೇಷ್ಟ್ರು ಒಳಗೆ ಬಂದು, ತಮ್ಮ ಶಿಷ್ಯನ ‘ರ’ಕ್ಕೆ ಏನೂ ಆಗಿಲ್ಲ ಎಂದು ಜಗಳಕ್ಕೆ ನಿಂತರು. ಬೀಗರು ಮಗಳ ಪಕ್ಷ ವಹಿಸಿದರು.

ನನ್ನ ಸರದಿ ಬರುವಾಗ ಮಧ್ಯಾಹ್ನವಾಗಿತ್ತು, ಕಾಫಿ ಆರಿಹೋಗಿತ್ತು. ಈಗಲೂ ಮೊದಲ ಭಾನುವಾರ ಅವಳೇ ಮೊದಲು ಕೂರುತ್ತಾಳೆ, ಮೂವತ್ತು ವರ್ಷದ ನನ್ನ ಜಾಗ ಹೋಯಿತು. ಆಮೇಲೆ ಮಗ. ನಾನು ಪೊರಕೆ ಕೈಗೆ ತೆಗೆದುಕೊಂಡು, ನೆಲದ ಮೇಲೆ ಬಿದ್ದ ಅವಳ ಕೂದಲು ಗುಡಿಸುತ್ತ ನನ್ನ ಸರದಿಗೆ ಕಾಯುತ್ತೇನೆ.